ಅತ್ತೆಯ ದನಿ, ಸಿಂಚನಳ ಕಿವಿ

ನಮ್ಮ ಸೋದರತ್ತೆಗೆ ಮೊಬೈಲ್ ಫೋನು ಕೊಡಿಸಿದ್ದು ನಮ್ಮ ಮನೆತನದ ಅತಿ ದೊಡ್ಡ ದಂಡದ ಖರ್ಚು. ಜಂಗಮಕೋಟೆಯಲ್ಲಿ ನಿಂತು ಅವರು ಮಾತಾಡಿದರೆ ಶಿಡ್ಲಘಟ್ಟದಲ್ಲಿರುವ ನನಗೆ ಹಾಗೆಯೇ ಕೇಳಿಸುತ್ತದೆ ಎಂದರೆ ನೀವು ನಂಬಲಾರಿರಿ. ಬೇಡ ಬಿಡಿ, ಅರ್ಧ ದಾರಿಗಾದರೂ ಖಂಡಿತ ಕೇಳಿಸುತ್ತದೆ! ನನಗೆ ಹೆಣ್ಣು ನೋಡಲು ಹೋದಾಗ, ಹುಡುಗಿ ಪರವಾಗಿಲ್ಲ, ಅವರಮ್ಮನೇ ಸ್ವಲ್ಪ ಜೋರು ಎಂದು ಅತ್ತೆ ನನ್ನ ಕಿವಿಯಲ್ಲಿ ಉಸುರಿದರು. ಅವರಮ್ಮ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು. ಮದುವೆಯೇನೋ ಆಯಿತು. ಅತ್ತೆಯೂ ಹುಡುಗಿಯ ಅಮ್ಮನೂ ಮಾತ್ರ ಇಂದಿಗೂ ಮಾತಾಡುವುದಿಲ್ಲ.

ಇಂಥ ಅತ್ತೆಯ ಮೊಮ್ಮಗಳು ಸಿಂಚನ. ಓಡಾಡುವ ವಯಸ್ಸಾದರೂ ಮಗುವಿಗೆ ಮಾತು ಬಂದಿರಲಿಲ್ಲ. ಕಿವಿ ಕೇಳಿಸುತ್ತಿಲ್ಲವೇನೋ ಎಂದು ತಾಯಿಗೆ, ಅಂದರೆ ಅತ್ತೆಯ ಸೊಸೆಗೆ, ಅನುಮಾನ. ಅತ್ತೆ ಸುತರಾಂ ಒಪ್ಪಲಿಲ್ಲ. ರೇಷ್ಮೆಹುಳುವಿನ ಮನೆಯೊಳಗಿಂದ ಅವರೊಮ್ಮೆ ಕೂಗಿದರೆ ಅಂಗಳದಲ್ಲಿ ಆಡುತ್ತಿದ್ದ ಮಗು ತಟ್ಟನೆ ತಿರುಗುತ್ತಿತ್ತಲ್ಲ! ಕಿವುಡು ಮಗು ತಿರುಗುತ್ತದೆಯೇ? ಆ ಕೂಗಿಗೆ ಬೀದಿಯ ಎಮ್ಮೆಗಳೂ ತಿರುಗುತ್ತಿದ್ದವು ಎಂಬುದನ್ನು ನಾವ್ಯಾರೂ ಯೋಚಿಸಲಿಲ್ಲ.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಕಿವಿ ಪೂರ್ತಿ ಹೋಗಿಲ್ಲ, ಸ್ವಲ್ಪ ಉಳಿದಿದೆ, ದಪ್ಪನೆಯ ಜೋರು ಸದ್ದು ಮಾತ್ರ ತಾಕುತ್ತದೆ ಎಂದರು ಡಾಕ್ಟರಮ್ಮ. ಅತ್ತೆ ಅದನ್ನು ಬಿರುದಿನಂತೆ ಸ್ವೀಕರಿಸಿ, ಹಾಲಿನ ಡೇರಿಯಲ್ಲಿ ಸಾರಿಕೊಂಡು ಬಂದರು.

ಕಿವಿಯ ಹಿಂದೆ ಇಡುವ ಮಿಷನ್ನು ಕೆಲವು ತಿಂಗಳು ಹಾಕಿ ನೋಡಿದ್ದಾಯಿತು. ಸದ್ದು ದೊಡ್ಡದಾಯಿತೇ ಹೊರತು ಮಾತು ಬಿಡಿಬಿಡಿಯಾಗಿ ತಿಳಿಯಲಿಲ್ಲ. ಆಗ ಡಾಕ್ಟರಮ್ಮ ಕಾಕ್ಲಿಯರ್ ಇಂಪ್ಲಾಂಟ್ ಎಂದರು. ಆಪರೇಷನ್ ಮಾಡಿ ಒಳಗಿವಿಗೆ ಸಣ್ಣ ತಂತಿ ಕೂರಿಸುವುದು, ಹೊರಗೆ ಕಿವಿಯ ಮೇಲೊಂದು ಮಿಷನ್ನು ತೊಡಿಸುವುದು, ಆಮೇಲೆ ವರ್ಷಗಟ್ಟಲೆ ಮಾತಿನ ಅಭ್ಯಾಸ. ಈಗ ಉಳಿದಿರುವ ಕಿವಿಯನ್ನು ಕಾಪಾಡಲು ನೋಡುತ್ತೇವೆ, ಆದರೆ ಅದು ಹೋಗಲೂಬಹುದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಅಷ್ಟೇ! ಅತ್ತೆ ಅಡ್ಡ ನಿಂತರು. ಬುದ್ಧಿ ಹೇಳಲೆಂದು ಹೋದ ನನ್ನನ್ನು ಕೂರಿಸಿಕೊಂಡು ಕೇಳಿದರು: “ಇರೋ ಕಿವೀಲಿ ನಾನೊಬ್ಳೇ ಕಣೋ ಅವಳ್ಗೆ ಕೇಳ್ಸೋದು. ಅದೂ ಹೋಗ್ಬಿಟ್ರೆ?”

ಸೊಸೆ ಮೆಲ್ಲಗೆ ಹೇಳಿದಳು: “ನಿಮ್ಮ ದನಿ ಕೇಳ್ಸುತ್ತೆ ಅತ್ತೆ. ನೀವೇನಂತೀರ ಅಂತ ತಿಳಿಯಲ್ಲ.”

ಅತ್ತೆ ಬಿಡುವವರೇ? ಬಾಯಿಗೆ ಸೆರಗು ಅಡ್ಡ ಹಿಡಿದು, ಮಗುವಿನ ಬೆನ್ನ ಹಿಂದೆ ನಿಂತು “ಸಿಂಚನಾ” ಎಂದು ಕೂಗಿದರು. ಮಗು ತಿರುಗಿ ನಕ್ಕಿತು. ಅತ್ತೆ ಗೆದ್ದವರಂತೆ ನಮ್ಮನ್ನು ನೋಡಿದರು. ಈಗ ಬೇರೆ ಏನಾದರೂ ಕೂಗಿ ಎಂದಳು ಸೊಸೆ. ಅತ್ತೆ ಕಡಲೆಕಾಯಿ ಎಂದು ಕೂಗಿದರು. ಮಗು ತಿರುಗಿ ಅಷ್ಟೇ ಚೆಂದಕ್ಕೆ ನಕ್ಕಿತು. ಹಿಪ್ಪುನೇರಳೆ ಎಂದರು. ಅದಕ್ಕೂ ನಕ್ಕಿತು.

ಅತ್ತೆ ಸೆರಗು ಕೆಳಗಿಳಿಸಿದರು. ಅವರು ಅಷ್ಟು ಸಣ್ಣಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ತನ್ನ ಹೆಸ್ರೇ ಗೊತ್ತಿಲ್ವಲ್ಲೋ ಇದಕ್ಕೆ. ಮಾಡ್ಸಿ.”

ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಮಿಷನ್ನು ತೊಡಿಸಿ ಚಾಲೂ ಮಾಡಿದ ದಿನ ಮಗು ಬೆದರಿ ಅತ್ತಿತು. ಮನೆಯಲ್ಲಿ ಎಲ್ಲರೂ ಸಾಧಾರಣ ದನಿಯಲ್ಲಿ ಮಾತಾಡಬೇಕು ಎಂದರು ಆಸ್ಪತ್ರೆಯವರು. ಎಲ್ಲರೂ ಎಂದರೆ ಯಾರು ಎಂದು ಬಿಡಿಸಿ ಹೇಳಬೇಕೇ? ಅತ್ತೆಯ ದನಿ ತಗ್ಗಿದ್ದೇ ತಡ, ಊರಿಗೆ ಊರೇ ಗಾಬರಿಯಾಯಿತು. ಒಬ್ಬರು ಮೆಣಸಿನ ಕಷಾಯ ತಂದರು, ಇನ್ನೊಬ್ಬರು ಗಂಟಲಿಗೆ ತಾಯಿತ ತಂದರು. ಬೆಳಗಿನ ಅವರ ಕೂಗನ್ನೇ ಅಲಾರಂ ಮಾಡಿಕೊಂಡಿದ್ದ ಪಕ್ಕದ ಮನೆಯ ಮೇಷ್ಟ್ರು ಬಸ್ಸು ತಪ್ಪಿಸಿಕೊಂಡರು.

ಅತ್ತೆ ಜಗ್ಗಲಿಲ್ಲ. ಚಮಚ, ಲೋಟ, ಸೊಪ್ಪು ಎಂದು ಒಂದೊಂದನ್ನೇ ಹಿಡಿದು ಹೇಳುತ್ತಾ ದಿನವಿಡೀ ಮಗುವಿನ ಮುಂದೆ ಕೂತರು. ತಿಂಗಳುಗಳ ಮೇಲೆ ಸಿಂಚನ ಆಡಿದ ಮೊಟ್ಟಮೊದಲ ಮಾತು “ಸಾಕು”. ನಾವೆಲ್ಲ ಹುಟ್ಟಿದಾಗಿನಿಂದ ಅತ್ತೆಗೆ ಹೇಳಬೇಕೆಂದು ಹೇಳಲಾಗದೆ ಉಳಿಸಿಕೊಂಡಿದ್ದ ಮಾತು ಅದು! ಅತ್ತೆ ಬೀದಿಗೆಲ್ಲ ಸಕ್ಕರೆ ಹಂಚಿದರು.

ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ಸ್ನಾನಕ್ಕೆಂದು ಮಿಷನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟಿದ್ದರು. ಅತ್ತೆ ಮಗುವಿನ ತಲೆ ಒರೆಸಿ ಒಣಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ತಮ್ಮ ಹಳೆಯ ದನಿಯಲ್ಲಿ, ಗಂಟಲು ಬಿಚ್ಚಿ “ಸಿಂಚನಾ” ಎಂದು ಕೂಗಿದರು. ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿದವು. ಮಗು ತಿರುಗಲಿಲ್ಲ. ಟವೆಲ್ಲಿನ ಅಂಚು ಹಿಡಿದು ತನ್ನ ಪಾಡಿಗೆ ಆಡುತ್ತಿತ್ತು.

ನಾನು ನೋಡಿದ್ದು ಅತ್ತೆಗೆ ಗೊತ್ತಾಯಿತು. “ಆಗಾಗ ಕೂಗಿ ನೋಡ್ತೀನಿ ಕಣಪ್ಪ,” ಎಂದರು. “ಇದ್ದ ಕಿವೀನೂ ಹೋಯ್ತು.”

ಅಷ್ಟರಲ್ಲಿ ಮಗು ಗೂಡಿನ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು ಮಿಷನ್ನು ತೆಗೆದುಕೊಂಡು ಬಂದು ಅಜ್ಜಿಯ ಅಂಗೈಯಲ್ಲಿಟ್ಟಿತು. ಕಿವಿಯ ಮೇಲಿನ ಕೂದಲು ಸರಿಸಿ ತಲೆ ಬಗ್ಗಿಸಿತು. ಅತ್ತೆ ತೊಡಿಸಿದರು. ಮಗು ಮುಖ ಎತ್ತಿ ಅವರನ್ನೇ ನೋಡಿತು.

“ಈಗ ಹೇಳಜ್ಜಿ.”

ಅತ್ತೆಗೆ ದನಿಯೇ ಹೊರಡಲಿಲ್ಲ.