ಕಾಕಾ ಕಟ್ಟಿದ ರೊಟ್ಟಿ

ನಮ್ಮ ಕಾಕಾ ಈವರೆಗೆ ಒಂದೇ ಒಂದು ರೊಟ್ಟಿಯನ್ನೂ ಮಾಡಿದವರಲ್ಲ. ಅವರು ರೊಟ್ಟಿ ಕಟ್ಟುತ್ತಾರೆ! ನಂಬಿಕೆ ಬರದಿದ್ದರೆ ಒಂದು ಶನಿವಾರ ಮಧ್ಯಾಹ್ನ ಮೋರಟಗಿಗೆ ಬನ್ನಿ. ಆದರೆ ಮನೆಯಿಂದ ಸ್ವಲ್ಪ ಉಂಡುಕೊಂಡೇ ಬನ್ನಿ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಕಸುಬಿನಿಂದ ಗೌಂಡಿ. ಕರಣಿ ಹಿಡಿದು ನಲವತ್ತು ವರ್ಷ ಗೋಡೆ ಎಬ್ಬಿಸಿದ ಮನುಷ್ಯ. ಯಾರ ಮನೆಗೆ ಊಟಕ್ಕೆ ಹೋದರೂ ತಾಟು ನೋಡುವ ಮೊದಲು ಗೋಡೆ ನೋಡುತ್ತಾರೆ. ನನಗೆ ಗಂಡು ನೋಡಲು ದೇವಣಗಾಂವಕ್ಕೆ ಹೋದಾಗಲೂ ಹಾಗೇ ಆಯಿತು. ಎಲ್ಲರೂ ಹುಡುಗನ ನೌಕರಿ ವಿಚಾರಿಸುತ್ತಿದ್ದರೆ ಇವರು ಎದ್ದು ಹೋಗಿ ಮೂಲೆಯ ಗೋಡೆಯನ್ನು ಬೆರಳಿನಿಂದ ಟಕಟಕ ಬಡಿದು ಬಂದರು. "ಹುಡುಗ ಚಲೋ ಅದಾನ. ಪಾಯಾ ಸರಿ ಇಲ್ಲ" ಎಂದರು, ಎಲ್ಲರಿಗೂ ಕೇಳುವಂತೆ. ಆ ಸಂಬಂಧ ಅಲ್ಲಿಗೇ ಮುಗಿಯಿತು. ಎರಡು ಮಳೆಗಾಲದ ನಂತರ ಆ ಗೋಡೆ ಬಿರುಕು ಬಿಟ್ಟಿತೆಂದು ಸುದ್ದಿ ಬಂತು. ಹುಡುಗ ಚೆನ್ನಾಗಿಯೇ ಇದ್ದಾನಂತೆ. ಈ ಎರಡನೆಯ ಸುದ್ದಿಯನ್ನು ಕಾಕಾ ಇವತ್ತಿಗೂ ಕೇಳಿಸಿಕೊಂಡಿಲ್ಲ.

ಇಂಥವರು ಒಲೆಯ ಮುಂದೆ ಯಾಕೆ ಕುಳಿತರು? ನಮ್ಮ ಕಾಕಿಯ ಕಣ್ಣಿನಿಂದ.

ಕಾಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ಚಹಾಕ್ಕೆ ಒಂದು ಸಲವೂ ಸೋಸಣಿಗೆ ಸಿಗುತ್ತಿರಲಿಲ್ಲ. ಸಿಂದಗಿಯಲ್ಲಿ ನಾನು ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತೇನೆ. ಹಾಗಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ಡಾಕ್ಟರು ರಕ್ತದ ಚೀಟಿ ನೋಡಿ ತಲೆ ಅಲ್ಲಾಡಿಸಿದರು.

"ಸಕ್ರಿ ಬಾಳ ಏರೈತಿ. ಅದು ಇಳಿಯೂತನಕ ನಾ ಕಣ್ಣಿಗೆ ಕೈ ಹಚ್ಚೂದಿಲ್ಲ. ಮೂರು ತಿಂಗಳು ಗುಳಿಗಿ, ಪಥ್ಯ ಎರಡೂ ಸರಿಯಾಗಿ ಆಗಬೇಕು. ತಡಾ ಮಾಡಿದಷ್ಟೂ ಕಣ್ಣಿಗೆ ತ್ರಾಸು." ಆಮೇಲೆ ಕಾಕಾನ ಕಡೆ ತಿರುಗಿ, "ಮನಿಯಾಗ ಇವರು ಏನ ಉಣ್ತಾರ್ರಿ?" ಎಂದು ಕೇಳಿದರು.

ಊರಿನ ಯಾವ ಗೋಡೆಯಲ್ಲಿ ಎಷ್ಟು ಇಟ್ಟಿಗೆ ಇವೆ ಎಂದು ಹೇಳಬಲ್ಲ ಮನುಷ್ಯನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಕಾಕಿ ಉಣ್ಣುವುದು ಎಲ್ಲರದೂ ಆದ ಮೇಲೆ, ಒಳಗೆ. ಉಳಿದ ಅನ್ನ, ಉಳಿದ ಶಿರಾ, ಚೆಲ್ಲಬಾರದೆಂದು ಇನ್ನೊಂದು ಕಪ್ ಸಿಹಿ ಚಹಾ. ಕಂಡವರು ಯಾರು?

ಕಾಕಾ ಮನೆಗೆ ಬಂದು ಚಪ್ಪಲಿ ಬಿಟ್ಟು, "ನಾಳಿಂದ ಅಡಗಿ ನಂದು" ಎಂದರು.

"ಅಯ್ಯ, ಮಂದಿ ನಗ್ತಾರ್ರಿ" ಎಂದರು ಕಾಕಿ.

"ನಗಲಿ. ಹಲ್ಲಿನ ಡಾಕ್ಟರಿಗೆ ಕೆಲಸ ಸಿಗತೈತಿ." ನನ್ನ ಕಡೆ ನೋಡಿ, "ಯವ್ವಾ, ನೀ ಡಿಗ್ರಿ ಮಾಡಿದಾಕಿ. ರೊಟ್ಟಿ ಮಾಡೂದು ಹೇಳಿಕೊಡು" ಎಂದರು.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಆ ಸರ್ಟಿಫಿಕೇಟನ್ನು ಕಾಕಾ ತಾವೇ ಮೊಳೆ ಹೊಡೆದು, ಮಟ್ಟ ಹಿಡಿದು, ಒಂದು ನೂಲೂ ಓರೆಯಾಗದಂತೆ ಗೋಡೆಗೆ ಹಾಕಿದ್ದಾರೆ. ಆದರೆ ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಕಲಿಯಲು ಹೋದಾಗಲೆಲ್ಲ ಕಾಕಿ ಹಿಟ್ಟಿನ ಪರಾತ ಕಸಿದುಕೊಂಡು, "ನೀ ಹೋಗಿ ಓದು, ಇದು ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದು ಅಟ್ಟುತ್ತಿದ್ದರು. ಹೀಗಾಗಿ ಅಡುಗೆಮನೆಯಲ್ಲಿ ಈಗ ಇಬ್ಬರು ದಡ್ಡರಾದೆವು, ಅದರಲ್ಲಿ ಒಬ್ಬಳು ಪದವೀಧರೆ.

ಕಾಕಾ ಜೋಳದ ಹಿಟ್ಟನ್ನು ಮೂರು ಸಲ ಸಾಣಿಸಿದರು. ನಡುವೆ ಕುಣಿ ಮಾಡಿ, ಸುತ್ತ ದಂಡೆ ಕಟ್ಟಿ, ಸಿಮೆಂಟಿಗೆ ಬಿಡುವ ಹಾಗೆ ತಣ್ಣೀರು ಬಿಟ್ಟರು. ಹೊಸ ಕರಣಿಯೊಂದನ್ನು ತಂದು ತೊಳೆದು ಇಟ್ಟುಕೊಂಡಿದ್ದರು, ರೊಟ್ಟಿ ಮಗುಚಲಂತೆ. ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತ ಕಾಕಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ, ಆದರೆ ಎಲ್ಲವೂ ಕೇಳುತ್ತಿತ್ತು.

"ನೀರು ಕುದಿಯೂ ಸಪ್ಪಳ ಬರಲಿಲ್ಲಲ್ಲ?"

"ಸಿಮೆಂಟಿನ ಮಾಲಿಗೆ ಯಾರು ಬಿಸಿನೀರು ಹಾಕ್ತಾರ?"

"ಅದು ಮಾಲಲ್ಲರಿ, ಹಿಟ್ಟು. ಬಿಸಿನೀರು ಬೀಳದಿದ್ದರ ಜಿಗಿ ಬರೂದಿಲ್ಲ. ಎಸರು ಇಡ್ರಿ."

ಕಾಕಾ ಎಸರಿಟ್ಟರು. ಬಡಿಯತೊಡಗಿದರೆ ಮತ್ತೆ ಬಾಗಿಲಿಂದ, "ಸಪ್ಪಳ ದಪ್ಪ ಬರಾಕತ್ತೈತಿ. ಗ್ವಾಡಿಗೆ ಗಿಲಾವ್ ಒಗದಂಗ ಒಗೀಬ್ಯಾಡ್ರಿ. ಕೈ ಹಗುರ ಬಿಡ್ರಿ, ತಿರುಗಿಸ್ರಿ." ಮೇಸ್ತ್ರಿಯಾಗಿ ಊರನ್ನೆಲ್ಲ ಗದರಿಸಿದವರು ಕೂಲಿಯವರ ಹಾಗೆ ತಲೆ ಬಗ್ಗಿಸಿ, "ಹೂಂ" ಎಂದರು. ಇದನ್ನು ನೋಡುವುದಕ್ಕಾದರೂ ನಾನು ಪ್ರತಿ ಶನಿವಾರ ಬಸ್ಸು ಹತ್ತುತ್ತಿದ್ದೆ.

ಮೊದಲ ವಾರದ ರೊಟ್ಟಿಗಳೆಲ್ಲ ಅಂಚಿನಲ್ಲಿ ಸೀಳಿದವು. ಸೀಳು ಎಂದರೆ ಗೌಂಡಿಗೆ ಮಾನದ ಪ್ರಶ್ನೆ. ಕಾಕಾ ಕೆಳಗಿನಿಂದ ಮೇಲಿನಿಂದ ನೋಡಿ, "ಕ್ಯೂರಿಂಗ್ ಕಡಿಮಿ ಆಗೇತಿ" ಎಂದು ತೀರ್ಪು ಕೊಟ್ಟರು. ಹೊಸದಾಗಿ ಕಟ್ಟಿದ ಗೋಡೆ ಒಣಗಿ ಬಿರಿಯದಂತೆ ದಿನವೂ ನೀರು ಹೊಡೆಯುತ್ತಾರಲ್ಲ, ಅದು. ಹನ್ನೆರಡು ರೊಟ್ಟಿಗಳನ್ನು ಒಟ್ಟಿ, ಒದ್ದೆ ಬಟ್ಟೆ ಹೊದಿಸಿ, ಸಂಜೆಗೊಮ್ಮೆ ಬೆಳಿಗ್ಗೆಗೊಮ್ಮೆ ನೀರು ಚಿಮುಕಿಸಿದರು. ಭಾನುವಾರ ಬಟ್ಟೆ ತೆಗೆದರೆ ಒಳಗೆ ರೊಟ್ಟಿಗಳಿರಲಿಲ್ಲ. ಹುಳಿವಾಸನೆಯ ಒಂದು ಮುದ್ದೆ ಇತ್ತು.

"ಹನ್ನೆರಡೂ ಕೂಡಿ ಒಂದಾಗ್ಯಾವ್ರಿ ಕಾಕಾ" ಎಂದೆ.

"ಜೋಡಣಿ ಘಟ್ಟಿ ಐತಿ ಅಂದಂಗಾತು" ಎಂದರು ಕಾಕಾ, ಮುಖದ ಗೆರೆಯೂ ಅಲ್ಲಾಡದೆ. ಎಮ್ಮೆ ಅದನ್ನು ಬಹಳ ಮೆಚ್ಚಿತು.

ಚಹಾದಂಗಡಿಯಲ್ಲಿ ಸುದ್ದಿ ಹಬ್ಬದೆ ಇದ್ದೀತೇ? ಅವರ ವಾರಿಗೆಯವನೊಬ್ಬ ನಾಲ್ಕು ಜನರ ಮುಂದೆ, "ಏನಪಾ ಗೌಂಡಿ, ಬ್ಯಾಳಿಗೆ ಎಷ್ಟು ಎಣ್ಣಿ ಹಾಕ್ತೀಯಂತ?" ಎಂದು ಕಾಲೆಳೆದ. ಕಾಕಾ ಬಶಿಯಲ್ಲಿದ್ದ ಸಕ್ಕರೆಯಿಲ್ಲದ ಚಹಾ ಹೀರಿ, "ಒಂದ ಚಮಚಾ. ನಿನ್ನ ಹೊಟ್ಟಿ ನೋಡಿದರ ನಿಮ್ಮನ್ಯಾಗ ಡಬ್ಬಿಲೆ ಸುರೀತಾರ ಅನಸ್ತೈತಿ. ಅದೂ ಪಾಯಾ ಬಿಟ್ಟು ಹೊರಗ ಬಂದೈತಿ" ಎಂದರು. ಆಮೇಲೆ ಆ ಮನುಷ್ಯನೇ ಒಂದು ದಿನ ಸುಮ್ಮನೆ ಬಂದು, ಒಂದು ಚಮಚ ಎಣ್ಣೆಯಲ್ಲಿ ಮೆಂತ್ಯಪಲ್ಯ ತಳ ಹಿಡಿಯದಂತೆ ಮಾಡುವುದು ಹೇಗೆ ಎಂದು ಕೇಳಿಕೊಂಡು ಹೋದ.

ನನ್ನ ಡಿಗ್ರಿಯ ಮರ್ಯಾದೆ ಹೋದದ್ದು ಎರಡನೆಯ ತಿಂಗಳಲ್ಲಿ. ಕಾಕಿ ಸಿಹಿಗೆ ಹಂಬಲಿಸುತ್ತಿದ್ದರು. ನಾನು ಫೋನಿನಲ್ಲಿ ಏನೋ ಓದಿ, ಸಕ್ಕರೆ ಬೇಡ, ಬೆಲ್ಲವಾದರೆ ನಡೆಯುತ್ತದೆ ಎಂದುಬಿಟ್ಟೆ. ಕಾಕಾ ನಂಬಿದರು. ನನ್ನ ಮಾತನ್ನು ಅವರು ಯಾವಾಗಲೂ ನಂಬುತ್ತಾರೆ, ಅದೇ ಭಯ. ಗೋಧಿ ನುಚ್ಚಿಗೆ ಬೆಲ್ಲ ಹಾಕಿ ದಿನವೂ ಒಂದು ಬಟ್ಟಲು ಕೊಟ್ಟರು. ಡಾಕ್ಟರು ಚೀಟಿ ನೋಡಿ, "ಇಳಿಯೂದು ಬಿಟ್ಟು ಮತ್ತ ಏರೈತಲ್ರಿ? ಬೆಲ್ಲ ಆದರೇನು, ಸಕ್ರಿ ಆದರೇನು, ರಕ್ತಕ್ಕ ಎರಡೂ ಒಂದ. ಯಾರು ಹೇಳಿದರು ನಿಮಗ?" ಎಂದರು.

ಕಾಕಾ ನನ್ನ ಕಡೆ ನೋಡಲಿಲ್ಲ. "ನಂದ ತಪ್ಪರಿ. ನಾ ಸಾಲಿ ಕಲ್ತಾಂವ ಅಲ್ಲ" ಎಂದರು.

ನಾನೇ ಹೇಳಿದ್ದೆಂದು ಒಪ್ಪಿಕೊಳ್ಳಲು ನನಗೆ ಅರ್ಧ ನಿಮಿಷ ಬೇಕಾಯಿತು. ಬಿ.ಎಸ್ಸಿ. ಮೂರು ವರ್ಷಗಳಲ್ಲಿ ಅಷ್ಟು ಉದ್ದದ ನಿಮಿಷ ನನಗೆ ಸಿಕ್ಕಿರಲಿಲ್ಲ. ಉಳಿದದ್ದು ಒಂದೇ ತಿಂಗಳು.

ಆ ತಿಂಗಳು ಕಾಕಾ ಹೊಸ ಕೆಲಸ ಹಿಡಿಯಲಿಲ್ಲ. ಅಡುಗೆಮನೆಯ ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದು ಏಳು ದಿನದ ಊಟ ಬರೆದರು: ಪುಂಡಿಪಲ್ಯ, ಹೆಸರುಕಾಳು, ಸೌತೆಕಾಯಿ, ಕಡಲೆಬೇಳೆ ಹಾಕಿದ ಹೀರೇಕಾಯಿ. ರೊಟ್ಟಿ ಎರಡೇ. ಹಸಿವಾದರೆ ಮಜ್ಜಿಗೆ. ಗುಳಿಗೆಯನ್ನು ಕೈಯಲ್ಲಿಟ್ಟು ನುಂಗುವವರೆಗೆ ಎದುರು ನಿಲ್ಲುತ್ತಿದ್ದರು. ಮುಖ್ಯವಾಗಿ, ಕಾಕಿ ಮೊದಲು ಕುಳಿತು ಉಣ್ಣಬೇಕು, ಇವರು ಬಡಿಸಬೇಕು, ಏನು ಎಷ್ಟು ಹೋಯಿತೆಂದು ಕಣ್ಣಾರೆ ನೋಡಬೇಕು. ಸಂಜೆ ಇಬ್ಬರೂ ಕೆನಾಲಿನ ತನಕ ನಡೆದು ಬರುತ್ತಿದ್ದರು, ದಾರಿಯುದ್ದಕ್ಕೂ ಯಾರ ಮನೆ ಗೋಡೆ ಎಷ್ಟು ವಾಲಿದೆ ಎಂಬ ವ್ಯಾಖ್ಯಾನದೊಂದಿಗೆ.

ಮೂರನೆಯ ಸಲ ಡಾಕ್ಟರು ಚೀಟಿ ನೋಡಿ ತಲೆ ಅಲ್ಲಾಡಿಸಲಿಲ್ಲ. ದಿನ ಕೊಟ್ಟರು.

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿ, ಕಪ್ಪು ಕನ್ನಡಕ ಹಾಕಿಸಿ ಕಾಕಿಯನ್ನು ಮನೆಗೆ ಕರೆತಂದೆವು. ಮಧ್ಯಾಹ್ನ ಕಾಕಾ ತಾಟು ತಂದು ಮುಂದಿಟ್ಟರು. ಕಾಕಿ ರೊಟ್ಟಿ ಎತ್ತಿ, ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿದರು. ಮೂರು ತಿಂಗಳು ಉಂಡಿದ್ದನ್ನು ಅವರು ಸರಿಯಾಗಿ ನೋಡಿದ್ದು ಆಗಲೇ.

"ದುಂಡಗ ಐತಿ ಅಂತಿದ್ರಿ ದಿನಾ?"

"ಒಂದು ಕಡೆ ದುಂಡಗ ಐತಿ."

ಕಾಕಿ ನಕ್ಕುಬಿಟ್ಟರು. ನಗುತ್ತಲೇ, ಪಲ್ಯ ಬಡಿಸಲು ಬಂದ ಕಾಕಾನ ಕೈ ಹಿಡಿದು ನಿಲ್ಲಿಸಿದರು. ಹಂಚಿನ ಅಂಚು ತಾಗಿದ ಕಪ್ಪು ಬರೆಗಳು, ಎಸರಿನ ಹಬೆ ಹೊಡೆದು ಸುಲಿದ ಹೆಬ್ಬೆರಳು. ನಗು ನಿಂತಿತು.

"ಇಷ್ಟು ಸುಟ್ಟುಕೊಂಡೀರಿ. ಒಂದ ಮಾತು ಹೇಳಲಿಲ್ಲಲ್ಲರಿ?"

ಕಾಕಾ ಕೈ ಬಿಡಿಸಿಕೊಳ್ಳಲಿಲ್ಲ. ಕಾಕಿಯ ಬಳೆಗಳನ್ನು ಮೆಲ್ಲಗೆ ಮೇಲೆ ಸರಿಸಿದರು. ಮುಂಗೈಯ ತುಂಬ ಅಂಥವೇ ಬರೆಗಳು, ಹಳೆಯವು, ಬೆಳ್ಳಗಾದವು, ಒಂದರ ಮೇಲೊಂದು.

"ನೀ ಯಾವಾಗ ಹೇಳಿದ್ದಿ?" ಎಂದರು. ಆ ಬರೆಗಳ ಮೇಲೆ ಬೆರಳಾಡಿಸಿ, "ನನ್ನ ಕಣ್ಣು ಚಲೋ ಇದ್ದೂ ನಾ ನೋಡಲಿಲ್ಲ" ಎಂದರು.

ಕಾಕಿ ಕನ್ನಡಕದ ಹಿಂದೆ ಏನು ಮಾಡಿದರೋ ನನಗೆ ಕಾಣಲಿಲ್ಲ. ಕಣ್ಣೀರು ಹಾಕಬಾರದೆಂದು ಡಾಕ್ಟರು ಹೇಳಿದ್ದರು. ತಾಟನ್ನು ಇಬ್ಬರ ನಡುವೆ ಎಳೆದುಕೊಂಡು, ಪಕ್ಕದ ಚಾಪೆಯನ್ನು ಕೈಯಿಂದ ಸವರಿ ಜಾಗ ಮಾಡಿದರು.

"ಕುಂಡರ್ರಿ. ಆರಿ ಹೋಗತೈತಿ."