ಹಿತ್ತಲಲ್ಲೇ ಗ್ರಾಟ್ಸ್

ಇನ್ನು ಹನ್ನೆರಡು ದಿನಕ್ಕೆ ಆಸ್ಟ್ರಿಯಾದ ಗ್ರಾಟ್ಸ್ ಊರಿಗೆ ಬಸ್ಸು ಹತ್ತಬೇಕಾಗಿದ್ದ ದುನ್ಯಾ, ಶುಕ್ರವಾರ ಬೆಳಗಿನ ಕಾಫಿಯ ಹೊತ್ತಿಗೆ ಅಪ್ಪ ಅಮ್ಮನ ಮುಂದೆ ಒಂದು ಘೋಷಣೆ ಹೊರಡಿಸಿದಳು.

"ನಾಳೆಯಿಂದ ನಾನು ಈ ಮನೇಲಿರಲ್ಲ."

ಬ್ರೆಡ್ ಕೊಯ್ಯುತ್ತಿದ್ದ ಅಮ್ಮ ಸ್ಮಿಲ್ಯಾಳ ಚಾಕು ಅರ್ಧದಲ್ಲೇ ನಿಂತಿತು. "ಬಸ್ಸಿಗೆ ಇನ್ನೂ ಹನ್ನೆರಡು ದಿನ ಇದೆ ಅಲ್ವೇನೇ?"

"ಬಸ್ಸಿನ ವಿಷಯ ಅಲ್ಲಮ್ಮ. ಹಿತ್ತಲ ಬೇಸಿಗೆ ಅಡುಗೆಮನೆಗೆ ಹೋಗ್ತೀನಿ. ಒಂದು ವಾರ ಅದೇ ನನ್ನ ಗ್ರಾಟ್ಸ್. ಅಡುಗೆ ನಾನೇ, ಬಟ್ಟೆ ನಾನೇ, ಎಲ್ಲ ನಾನೇ. ನೀನು ಒಂದು ಲೋಟ ನೀರೂ ತಂದ್ಕೊಡ್ಬಾರ್ದು. ಅಲ್ಲಿಗೆ ಹೋಗಿ ಪೇಚಾಡೋದನ್ನ ಇಲ್ಲೇ ಪೇಚಾಡಿ ಮುಗಿಸಿಬಿಡ್ತೀನಿ."

ಸರ್ಬಿಯಾದ ನೆಗೋಟಿನ್ ಪಟ್ಟಣದ ಆ ಓಣಿಯಲ್ಲಿ ವಿದೇಶಕ್ಕೆ ದುಡಿಯಲು ಹೋದವರು ಮನೆಗೊಬ್ಬರಿದ್ದರು. ಓದಲು ಹೊರಟವಳು ದುನ್ಯಾ ಒಬ್ಬಳೇ. ಅದೂ ಎಂಥ ಓದು! ನದಿ, ಅಣೆಕಟ್ಟು, ಪ್ರವಾಹ ನಿಯಂತ್ರಣ. ಜರ್ಮನ್ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಮೂರು ತೆಗೆದಿದ್ದಳು. ಉಳಿದ ಏಳು ಎಲ್ಲಿ ಹೋಯಿತೆಂದು ಮೇಲ್ಮನವಿ ಸಲ್ಲಿಸುವ ಯೋಚನೆಯನ್ನು ಮೇಷ್ಟರು ಕೈಮುಗಿದು ಬಿಡಿಸಿದ್ದರು.

ಅಪ್ಪ ರಾಡಿಶಾನ ಜರ್ಮನ್ ಬೇರೆ ಜಾತಿಯದು. ಹತ್ತೊಂಬತ್ತು ವರ್ಷ ವಿಯೆನ್ನಾದಲ್ಲಿ ಕೊಳಾಯಿ ಕೆಲಸ ಮಾಡಿ ಬಂದಿದ್ದ ಅವನು ಒಂದು ಸೊಂಟನೋವನ್ನೂ ನಲವತ್ತು ಚಿಲ್ಲರೆ ಪದಗಳನ್ನೂ ಸಂಪಾದಿಸಿದ್ದ. ಅದರಲ್ಲಿ ಹದಿನೈದು ಬೈಗುಳ, ಮಿಕ್ಕವು ಕೊಳಾಯಿ ಸಾಮಾನು. ಕ್ರಿಯಾಪದವೆಂಬುದು ಶ್ರೀಮಂತರ ಶೋಕಿ ಎಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ.

"ಅದ್ಸರಿ, ಅಲ್ಲಿ ಮನೆ ಮಾಲೀಕ ಅಂತ ಒಬ್ಬ ಇರ್ತಾನಲ್ಲ, ಅವನ್ಯಾರು?" ಎಂದು ಕೇಳಿದ ರಾಡಿಶಾ.

"ನೀನೇ ಆಗಪ್ಪ."

"ಆದ್ರೆ ಸರಿಯಾಗೇ ಆಗ್ತೀನಿ, ನೋಡು. ಅಂಗಳದಿಂದ ಕೂಗೋ ಹಾಗಿಲ್ಲ, ಫೋನ್ ಮಾಡ್ಬೇಕು. ಜರ್ಮನ್ ಬಿಟ್ಟು ಬೇರೆ ಮಾತಾಡಿದ್ರೆ ನಂಗೆ ಕಿವಿ ಕೇಳಲ್ಲ. ಅಪ್ಪ ಅಂತ ಕರೆಯೋ ಹಾಗೂ ಇಲ್ಲ. ಅಲ್ಲಿ ನಾನಿರಲ್ಲ."

"ಒಪ್ಪಿಗೆ," ಎಂದು ದುನ್ಯಾ ಕೈ ಚಾಚಿದಳು. ಅಪ್ಪ ಮಗಳು ಒಪ್ಪಂದಕ್ಕೆ ಬಂದ ಎರಡು ರಾಷ್ಟ್ರಗಳಂತೆ ಕೈ ಕುಲುಕಿದರು.

"ಈ ಮನೇಲಿ ಬುದ್ಧಿ ಹೇಳೋಳು ನಾನೊಬ್ಳೇ, ನಂಗೆ ಜರ್ಮನ್ ಬರಲ್ಲ," ಎಂದು ಸ್ಮಿಲ್ಯಾ ಮತ್ತೆ ಬ್ರೆಡ್ ಕೊಯ್ಯತೊಡಗಿದಳು.

ಶನಿವಾರ ಬೆಳಿಗ್ಗೆ ಸೂಟ್‌ಕೇಸ್ ಸಮೇತ ದುನ್ಯಾಳ ವಲಸೆ ನಡೆಯಿತು. ಬೇಸಿಗೆ ಅಡುಗೆಮನೆಯೆಂದರೆ ಹಿತ್ತಲ ತುದಿಯಲ್ಲಿ ಒಂದೇ ಕೋಣೆ. ಒಂದು ಸೌದೆ ಒಲೆ, ಒಂದು ನಲ್ಲಿ, ಒಂದು ಮಂಚ, ಮನೆಯಿಂದ ನಿವೃತ್ತಿಯಾಗಿ ಬಂದಿದ್ದ ಒಂದು ಹಳೆಯ ವಾಷಿಂಗ್ ಮೆಷೀನು. ಅವಳು ಸೂಟ್‌ಕೇಸನ್ನು ನೆಲದ ಮೇಲೆ ಬಿಚ್ಚಿಟ್ಟಳು. ಪ್ರವೇಶ ಪತ್ರ, ಶಾಲೆಯ ಮೂಲ ಪ್ರಮಾಣಪತ್ರ, ಅದರ ಮೊಹರು ಬಿದ್ದ ಜರ್ಮನ್ ಅನುವಾದ, ಎಲ್ಲವೂ ಇದ್ದ ಕಡತ ಅದರ ತಳದಲ್ಲಿತ್ತು. ಕಳ್ಳರ ಕೈಗೆ ಸಿಗದಿರಲೆಂದು ಆ ಜಾಗ.

ಒಂಬತ್ತಕ್ಕೆ ಸರಿಯಾಗಿ ಬಾಗಿಲು ಬಡಿದ ಸದ್ದಾಯಿತು. ಇಸ್ತ್ರಿ ಮಾಡಿದ ಅಂಗಿ, ಮದುವೆಮನೆಗೆ ಹಾಕುವ ಟೋಪಿ ಧರಿಸಿ ಮಾಲೀಕರು ನಿಂತಿದ್ದರು. ಒಳಬಂದು, ಮಂಚದ ಕೆಳಗೆ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಮೇಲೆದ್ದು, ಜರ್ಮನ್‌ನಲ್ಲಿ ಅಪ್ಪಣೆ ಕೊಡಿಸಿದರು:

"ಗಲಾಟೆ ಇಲ್ಲ. ಸಿಗರೇಟ್ ಇಲ್ಲ. ನಾಯಿ ಇಲ್ಲ."

"ಮಾನ್ಯರೇ, ತಮ್ಮ ಸಮಸ್ತ ನಿಬಂಧನೆಗಳನ್ನೂ ಚಾಚೂತಪ್ಪದೆ ಪಾಲಿಸುವೆನೆಂದು ಈ ಮೂಲಕ ಭರವಸೆ ನೀಡುತ್ತೇನೆ," ಎಂದಳು ದುನ್ಯಾ, ಪುಸ್ತಕದ ಜರ್ಮನ್‌ನಲ್ಲಿ.

ಮಾಲೀಕರಿಗೆ ಅರ್ಥವಾದದ್ದು 'ಮಾನ್ಯರೇ' ಒಂದೇ. ಆದರೂ ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಮೆಷೀನಿನ ಕಡೆ ಬೆರಳು ತೋರಿಸಿ, "ಪೈಪು ಇಲ್ಲ. ನಾನು ಪೈಪು?" ಎಂದರು.

"ಅನಗತ್ಯ. ನಾನೇ ಜೋಡಿಸಿಕೊಳ್ಳಬಲ್ಲೆ."

ನಾಳೆ ನದಿಗಳನ್ನೇ ಕಟ್ಟಿಹಾಕುವವಳಿಗೆ ಒಂದು ಪೈಪು ಯಾವ ಲೆಕ್ಕ? ಮಾಲೀಕರು ಹೋದ ಮೇಲೆ ದುನ್ಯಾ ಮೊದಲು ಒಲೆ ಹೊತ್ತಿಸಿ, ರಾತ್ರಿಯೇ ನೆನೆಹಾಕಿದ್ದ ಬೀನ್ಸ್ ಕಾಳನ್ನು ಕೆಂಪು ಮೆಣಸಿನ ಪುಡಿ ಹಾಕಿ ಬೇಯಲಿಟ್ಟಳು. ನಂತರ ತೋಳು ಮಡಚಿ ಪೈಪನ್ನು ನಲ್ಲಿಗೆ ತಿರುಗಿಸಿ ಕೂರಿಸಿದಳು. ಕೆಳಗೆ ಒಂದು ಪುಟ್ಟ ರಬ್ಬರ್ ಉಂಗುರ ಬಿದ್ದಿತ್ತು. ಯಾವುದೋ ಜಾಮ್ ಬಾಟಲಿಯದ್ದಿರಬೇಕೆಂದು ಅದನ್ನು ಕಿಟಕಿಯ ಮೇಲಿಟ್ಟಳು. ಬಟ್ಟೆ ತುಂಬಿ ಗುಂಡಿ ಒತ್ತಿದಳು. ಮೆಷೀನು ಗುರುಗುಟ್ಟಿತು. ಬೀನ್ಸ್ ಕುದಿಯಿತು. ದುನ್ಯಾ ಮಂಚದ ಮೇಲೆ ಕಾಲು ಮಡಚಿ ಕೂತು, ಇಡೀ ವಾರದ ವೇಳಾಪಟ್ಟಿ ಬರೆಯತೊಡಗಿದಳು. ಮಂಗಳವಾರಕ್ಕೆ ಬಂದಿದ್ದಾಗ ಬಂದೂಕು ಹಾರಿದಂಥ ಸದ್ದಾಯಿತು.

ಪೈಪು ನಲ್ಲಿಗೆ ವಿದಾಯ ಹೇಳಿತ್ತು. ನೀರು ನೆಟ್ಟಗೆ ಎದುರು ಗೋಡೆಗೆ ಬಡಿದು ಇಡೀ ಕೋಣೆಗೆ ಹಂಚಿಕೆಯಾಗುತ್ತಿತ್ತು. ದುನ್ಯಾ ಹಾರಿ ನಲ್ಲಿಯ ಹಿಡಿ ತಿರುಗಿಸಿದಳು. ಹಿಡಿ ತಿರುಗಿತು, ಇನ್ನೂ ತಿರುಗಿತು, ಕೊನೆಗೆ ಅವಳ ಕೈಗೇ ಬಂತು. ಟವೆಲ್ ಸುತ್ತಿದಳು. ಟವೆಲ್ ಹಾರಿತು. ಗ್ರಾಟ್ಸ್‌ನ ಚಳಿಗೆಂದು ಕೊಂಡಿದ್ದ ಹೊಸ ಕೋಟನ್ನು ಸುತ್ತಿ, ಮೊಣಕಾಲಿನಿಂದ ಒತ್ತಿ ಹಿಡಿದು, ಒಂದು ಕೈಯಲ್ಲಿ ಫೋನ್ ತೆಗೆದಳು.

"ಅಪ್ಪಾ" ಎಂಬ ಪದ ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡಳು. ಅಲ್ಲಿ ಅಪ್ಪ ಇರಲ್ಲ. ಇವತ್ತು ಕರೆದರೆ ಅಲ್ಲೂ ಕರೆಯುತ್ತೀಯ ಎಂದು ತನಗೇ ಗದರಿಕೊಂಡಳು.

"ಮಾನ್ಯ ಗೃಹಮಾಲೀಕರೇ, ನನ್ನ ವಸತಿಯಲ್ಲಿ ನೀರಿಗೆ ಸಂಬಂಧಪಟ್ಟಂತೆ ಒಂದು ಸಮಸ್ಯೆ ಉದ್ಭವಿಸಿದೆ."

ಅತ್ತಕಡೆ ಮಾಲೀಕರು ಗಂಟಲು ಸರಿಪಡಿಸಿಕೊಂಡರು. ನಂತರ, "ನೀರು ಇಲ್ಲ?"

"ಇದೆ. ಅಪೇಕ್ಷಿತ ಪ್ರಮಾಣವನ್ನು ಮೀರಿ ಇದೆ."

"ನೀರು ಇದೆ. ಒಳ್ಳೇದು." ಫೋನ್ ಕಟ್ ಆಯಿತು.

ಅಷ್ಟರಲ್ಲಿ ಸೂಟ್‌ಕೇಸ್ ನಿಧಾನವಾಗಿ ಬಾಗಿಲ ಕಡೆಗೆ ಹೊರಟಿದ್ದು ಅವಳ ಕಣ್ಣಿಗೆ ಬಿತ್ತು. ಹನ್ನೊಂದು ದಿನ ಮೊದಲೇ ಅದಕ್ಕೆ ಪ್ರಯಾಣದ ಆತುರ. ಕಡತ! ದುನ್ಯಾ ಕೋಟು ಬಿಟ್ಟು ಸೂಟ್‌ಕೇಸಿನ ಮೇಲೆ ಬಿದ್ದಳು. ಬಟ್ಟೆ ಕಿತ್ತೆಸೆದು ತಳದಿಂದ ಕಡತ ಎಳೆದಳು. ಅಂಚು ಮಾತ್ರ ಒದ್ದೆಯಾಗಿತ್ತು. ಅದನ್ನು ಎಲ್ಲಿಡುವುದು? ಮಂಚದ ಮೇಲೆ ಮಳೆ, ಮೇಜಿನ ಮೇಲೆ ಮಳೆ. ಕೋಣೆಯಲ್ಲಿ ಒಣಗಿದ್ದ ಒಂದೇ ಜಾಗ ಒಲೆಯ ಮೇಲಿನ ಹಲಗೆ. ಕಡತವನ್ನು ಅಲ್ಲಿ ಓರೆಯಾಗಿ ಸಿಕ್ಕಿಸಿ, ಮತ್ತೆ ನಲ್ಲಿಗೆ ಓಡಿ, ಮತ್ತೆ ಫೋನ್ ಮಾಡಿದಳು.

"ಮಾನ್ಯರೇ, ಮೆಷೀನಿಗೆ ಜೋಡಿಸಲ್ಪಟ್ಟಿದ್ದ ನಳಿಕೆಯು ಒತ್ತಡದ ಕಾರಣದಿಂದ ತನ್ನ ಸ್ಥಾನವನ್ನು ತ್ಯಜಿಸಿರುವುದರಿಂದ, ತಾವು ಸಾಧ್ಯವಾದಷ್ಟು ಶೀಘ್ರವಾಗಿ..."

"ನಿಧಾನ, ನಿಧಾನ," ಎಂದಿತು ಫೋನು. "ಯಾರು ಬಿಟ್ಟು ಹೋದ?"

"ನಳಿಕೆ!"

"ನಳಿಕೆ ಯಾರು? ಗೆಳೆಯ? ಹುಡುಗ ಇಲ್ಲ. ನಿಯಮ!"

ಇತ್ತ ದೊಡ್ಡ ಮನೆಯ ಕಿಟಕಿಯಲ್ಲಿ ಸ್ಮಿಲ್ಯಾ ನಿಂತಿದ್ದಳು. ಸಹಾಯ ಮಾಡಬಾರದೆಂದಿದ್ದರು, ನೋಡಬಾರದೆಂದು ಯಾರೂ ಅಂದಿರಲಿಲ್ಲ. ಹಿತ್ತಲ ಕೋಣೆಯ ಮೆಟ್ಟಿಲಿನಿಂದ ನೀರು ಹರಿದು ಬರುವುದನ್ನು ಕಂಡು ಅವಳ ಕಣ್ಣು ತುಂಬಿ ಬಂತು.

"ನೋಡ್ರೀ, ಯಾರೂ ಹೇಳ್ದೇನೇ ನೆಲ ತೊಳೀತಿದಾಳೆ. ಹದಿನೆಂಟು ವರ್ಷದಲ್ಲಿ ಇದೇ ಮೊದಲು," ಎಂದಳು ಗಂಡನಿಗೆ. ತಕ್ಷಣ ಪಕ್ಕದ ಬೀದಿಯ ಅಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಅಕ್ಕ ನಂಬಲಿಲ್ಲ.

ಕೋಣೆಯೊಳಗೆ ಹಬೆಗೆ ಮೆತ್ತಗಾದ ಕಡತ ಹಲಗೆಯಿಂದ ಜಾರಿತು. ದುನ್ಯಾ ನೋಡುತ್ತಿದ್ದಂತೆಯೇ ಅದು ಒಮ್ಮೆ ತೂಗಾಡಿ, ಬಾಯ್ದೆರೆದು ಕುದಿಯುತ್ತಿದ್ದ ಬೀನ್ಸ್ ಸಾರಿನೊಳಕ್ಕೆ ತಲೆಕೆಳಗಾಗಿ ಇಳಿಯಿತು. ಹನ್ನೆರಡು ವರ್ಷದ ಓದು ಒಂದು ಪಾತ್ರೆಯಲ್ಲಿ. ಮೂಲ ಪ್ರಮಾಣಪತ್ರ ಮತ್ತೆ ಬೇಕೆಂದರೆ ತಿಂಗಳು ಹಿಡಿಯುತ್ತದೆ, ಬಸ್ಸಿಗೆ ಹನ್ನೊಂದೇ ದಿನ. ಅವಳ ತಲೆಯಲ್ಲಿದ್ದ ವ್ಯಾಕರಣವೆಲ್ಲ ಒಂದೇ ಏಟಿಗೆ ತೊಳೆದುಹೋಯಿತು. ಮೂರನೇ ಸಲ ಫೋನ್ ಒತ್ತಿ, ಸಿಕ್ಕಿದ ಪದಗಳನ್ನು ಸಿಕ್ಕಿದ ಹಾಗೆ ಎಸೆದಳು:

"ನೀರು! ಪೈಪು ಹೊರಗೆ! ನಲ್ಲಿ ಸತ್ತ!"

"ಅಯ್ಯೋ," ಎಂದಿತು ಫೋನು, ಶುದ್ಧ ಸರ್ಬಿಯನ್‌ನಲ್ಲಿ.

ಮದುವೆಮನೆಯ ಟೋಪಿ ಅಂಗಳದಲ್ಲೇ ಹಾರಿ ಬಿತ್ತು. ರಾಡಿಶಾ ಸೊಂಟನೋವನ್ನು ಮರೆತು ದ್ರಾಕ್ಷಿ ಚಪ್ಪರದ ಬುಡದ ಗುಂಡಿಗೆ ಇಳಿದು, ಮುಖ್ಯ ಕೊಳಾಯಿಯ ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿದ. ನೀರು ನಿಂತಿತು. ಅವನು ಕೋಣೆಯ ಬಾಗಿಲಿಗೆ ಬಂದಾಗ, ಮಗಳು ತಲೆಯಿಂದ ಕಾಲಿನವರೆಗೆ ತೊಯ್ದು, ಒಂದು ಸೌಟು ಹಿಡಿದು ತನ್ನ ಭವಿಷ್ಯವನ್ನು ಸಾರಿನಿಂದ ಎತ್ತುತ್ತಿದ್ದಳು.

ಅವನು ಸೌಟು ಇಸಿದುಕೊಂಡು ಒಂದೊಂದೇ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ಮೂಲ ಪ್ರಮಾಣಪತ್ರ ಪ್ಲಾಸ್ಟಿಕ್ ಚೀಲದೊಳಗಿದ್ದು, ಒಂದು ಕಾಳು ಅಂಟಿದ್ದು ಬಿಟ್ಟರೆ ಕ್ಷೇಮವಾಗಿತ್ತು. ಪ್ರವೇಶ ಪತ್ರದ ಇನ್ನೊಂದು ಪ್ರತಿಯನ್ನು ಮುದ್ರಿಸಿಕೊಳ್ಳಬಹುದು. ಅನುವಾದ ಮಾತ್ರ ಕೆಂಪಗೆ ಬೆಂದಿತ್ತು.

"ಪಾಸ್‌ಪೋರ್ಟು?" ಎಂದ, ಉಸಿರು ಬಿಗಿಹಿಡಿದು.

"ಅದು ನನ್ನ ಬೀರುನಲ್ಲಿದೆ," ಎಂದಳು ಒರೆಸುವ ಬಟ್ಟೆ ಹಿಡಿದು ಬಂದ ಸ್ಮಿಲ್ಯಾ. "ಇವಳು ಗ್ರಾಟ್ಸ್‌ಗೆ ಹೋಗ್ಲಿ, ಎಲ್ಲಿಗಾದ್ರೂ ಹೋಗ್ಲಿ, ಬಸ್ಸು ಹತ್ತೋವರೆಗೆ ನಾನು ಕೊಡಲ್ಲ."

ರಾಡಿಶಾ ಒದ್ದೆ ಮಂಚದ ಮೇಲೆ ಕುಸಿದು ಕೂತ. "ಅಲ್ಲ ಕಣೇ, ಮನೆ ಮುಳುಗ್ತಿದ್ರೂ 'ಅಪ್ಪಾ' ಅಂತ ಒಂದು ಸಲ ಕೂಗೋಕೆ ಆಗ್ಲಿಲ್ವಾ ನಿಂಗೆ?"

"ನೀನೇ ಅಂದೆ. ಅಲ್ಲಿ ನಾನಿರಲ್ಲ ಅಂತ."

"ಅಲ್ಲಿರಲ್ಲ ಅಂದೆ. ಇಲ್ಲಿದೀನಲ್ಲ."

ದುನ್ಯಾ ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿದಳು. "ಮೊದಲನೇ ಎರಡು ಸಲ ನಾನು ಅಷ್ಟು ಚೆನ್ನಾಗಿ ಹೇಳಿದೆ. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. ನಿಂಗೆ ಯಾಕೆ ಅರ್ಥ ಆಗ್ಲಿಲ್ಲ?"

"ನಂಗೇನು ಗೊತ್ತು. ಯಾರೋ ಸರ್ಕಾರದಿಂದ ಫೋನ್ ಮಾಡಿದ ಹಾಗಿತ್ತು. ಹತ್ತೊಂಬತ್ತು ವರ್ಷ ಅಂಥ ಫೋನ್ ಬಂದಾಗೆಲ್ಲ 'ಒಳ್ಳೇದು' ಅಂತ ಹೇಳಿ ಇಟ್ಬಿಡ್ತಿದ್ದೆ."

ಸೋಮವಾರ ದುನ್ಯಾ ಅನುವಾದಕಿ ಕೊರ್ನೆಲಿಯಾಳ ಕಚೇರಿಗೆ ಹೋದಳು. ಮೂವತ್ತು ವರ್ಷದಿಂದ ಊರಿನ ಕಾಗದಪತ್ರಗಳಿಗೆಲ್ಲ ಮೊಹರು ಒತ್ತಿದ ಆ ಮುದುಕಿ ಕೆಂಪು ಹಾಳೆಯನ್ನು ಮೂಗಿನ ಹತ್ತಿರ ಹಿಡಿದಳು.

"ಬೀನ್ಸಾ?"

"ಹೌದು."

"ಹೊಗೆಯಲ್ಲಿ ಒಣಗಿಸಿದ ಮಾಂಸ ಹಾಕಿಲ್ಲ."

"ಇಲ್ಲ, ಹಾಕೋಷ್ಟರಲ್ಲಿ ನೀರು ಬಂತು."

"ಗುರುವಾರ ಬಾಮ್ಮ. ಮೊಹರು ಒತ್ತಿದ ಮೇಲೆ ಅಡುಗೆಮನೆ ಕಡೆ ತಲೆ ಹಾಕ್ಬೇಡ."

ದುನ್ಯಾ ಮನೆಗೆ ಬಂದು ನೆಟ್ಟಗೆ ಹಿತ್ತಲಿಗೆ ನಡೆದಳು. ವಾರ ಮುಗಿದಿರಲಿಲ್ಲ, ಅವಳ ಹಟವೂ ಮುಗಿದಿರಲಿಲ್ಲ. ಆದರೆ ಕೋಣೆಗೆ ಬೀಗ ಬಿದ್ದಿತ್ತು. ಬಾಗಿಲ ಮೇಲೆ ಅಪ್ಪನ ಕೈಬರಹದ ಜರ್ಮನ್ ಚೀಟಿ ಅಂಟಿಸಿತ್ತು: 'ಕೋಣೆ ಬಾಡಿಗೆ. ವಿದ್ಯಾರ್ತಿ ಬೇಡ.'

ಅವಳು ಅದನ್ನು ಎರಡು ಸಲ ಓದಿದಳು. ತಡೆಯಲಾಗದೆ ಪೆನ್ಸಿಲ್ ತೆಗೆದು 'ವಿದ್ಯಾರ್ತಿ'ಯ ಜರ್ಮನ್ ಕಾಗುಣಿತ ತಿದ್ದಿದಳು. ಅದರ ಕೆಳಗೆ ಉಳಿದ ಜಾಗದಲ್ಲೆಲ್ಲ ಜರ್ಮನ್‌ನಲ್ಲೇ ದುಂಡಗೆ ಬರೆದಳು: 'ಮಾನ್ಯ ಗೃಹಮಾಲೀಕರೇ, ಶನಿವಾರದಂದು ಸಂಭವಿಸಿದ ಅನಪೇಕ್ಷಿತ ಘಟನೆಗೆ ಹೃತ್ಪೂರ್ವಕವಾಗಿ ವಿಷಾದಿಸುತ್ತಾ, ಸದರಿ ಕೋಣೆಯನ್ನು ಇನ್ನೊಂದು ವಾರದ ಅವಧಿಗೆ ನನಗೆ ದಯಪಾಲಿಸಬೇಕೆಂದೂ, ನಳಿಕೆ ಜೋಡಿಸುವ ವಿಧಾನವನ್ನು ತಮ್ಮಿಂದಲೇ ಕಲಿಯಲು ಅವಕಾಶ ಕಲ್ಪಿಸಬೇಕೆಂದೂ ವಿನಮ್ರವಾಗಿ ಪ್ರಾರ್ಥಿಸುತ್ತೇನೆ.'

ಸಂಜೆ ರಾಡಿಶಾ ಬಂದ. ಕನ್ನಡಕ ಹಾಕಿಕೊಂಡು, ಒಂದು ಕೈಯಲ್ಲಿ ಮಗಳ ಜರ್ಮನ್ ನಿಘಂಟು ಹಿಡಿದು, ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದ. ಎರಡನೇ ಸಾಲಿನಲ್ಲಿ ಒಮ್ಮೆ ದಾರಿ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ದುನ್ಯಾ ಚಪ್ಪರದ ಕೆಳಗೆ ಉಗುರು ಕಚ್ಚುತ್ತ ಕಾದಳು. ಕೊನೆಗೂ ಮುಗಿಸಿ, ಕನ್ನಡಕ ತೆಗೆದು, ಜೇಬಿನಿಂದ ಬೀಗದ ಕೈಯನ್ನೂ ಒಂದು ಸ್ಪ್ಯಾನರನ್ನೂ ಹೊರತೆಗೆದು ಅವಳ ಅಂಗೈಗೆ ಹಾಕಿದ.

"ಕಲಿಸ್ತೀನಿ ಬಾರೇ. ಆದ್ರೆ ಅಲ್ಲಿ ಹೋದ ಮೇಲೆ ಚಿಕ್ಕದಾಗಿ ಬರಿ ಮಗಳೇ. ಇಷ್ಟು ಓದಿ ಮುಗಿಸೋ ಹೊತ್ತಿಗೆ ನೀರು ಮೊಣಕಾಲಿಗೆ ಬಂದಿರುತ್ತೆ."