ಐನೂರನೇ ಟೋಕನ್

ಶಿವರಂಜನಿ: ಅದು ಟೋಕನ್ ಅಲ್ಲ ಸಾ. ಇನ್ನೆಷ್ಟು ಸಲ ಹೇಳ್ಲಿ?

ಪುಟ್ಟಬಸವಯ್ಯ: ಟೋಕನ್ ಅಲ್ಲದಿದ್ರೆ ನಂಬರು ಯಾಕವ್ವಾ ಕೊಡ್ತದೆ? ಬೆಳಗ್ಗೆ ಏಳಕ್ಕೆ ತೆಗೆದೆ, ಐನೂರು. ಒಂಬತ್ತಕ್ಕೆ ತೆಗೆದೆ, ಐನೂರು. ಈಗ್ಲೂ ಅದೇ ಐನೂರು. ನಮ್ಮ ಮುಂದಿರೋರು ಒಬ್ರೂ ಎದ್ದಿಲ್ಲ.

ಶಿವರಂಜನಿ: ಮುಂದೆ ಯಾರೂ ಇಲ್ಲ. ಐನೂರು ಅಂದ್ರೆ ಸರ್ವರ್ ಒಳಗೆ ಏನೋ ಕೆಟ್ಟಿದೆ ಅಂತ.

ಪುಟ್ಟಬಸವಯ್ಯ: ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳೋಕೇನು ಕಷ್ಟ? ಹೊಟ್ಟೆ ನೋಯ್ತಿರೋನು ಡಾಕ್ಟ್ರ ಹತ್ರ ಹೋಗಿ ಐನೂರು ಅಂತಾನಾ?

ಗುರುಬಸಮ್ಮ (ಅಡುಗೆಮನೆಯಿಂದ): ಏಳು ಗಂಟೆಯಿಂದ ಫೋನ ತೊಡೆ ಮ್ಯಾಲಿಟ್ಕಂಡು ಕೂತವ್ರೆ ಕಣವ್ವ. ತಿಂಡಿಗೂ ಏಳ್ನಿಲ್ಲ, ಸರದಿ ತಪ್ಪೋಯ್ತದಂತೆ.

ನಂಜನಗೂಡಿನ ಈ ಮನೆಯ ಮುಂದಿನ ಕೋಣೆಯೇ ‘ಕಪಿಲಾ ವಧು-ವರ ಮಾಹಿತಿ ಕೇಂದ್ರ’. ಅದರ ಕಾರ್ಯದರ್ಶಿ ಪುಟ್ಟಬಸವಯ್ಯನವರಿಗೆ ಎಪ್ಪತ್ತೊಂದು ವರ್ಷ. ಅದರಲ್ಲಿ ನಲವತ್ತು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದವರು. ಗುರುಬಸಮ್ಮ ಅವರ ಹೆಂಡತಿ. ಶಿವರಂಜನಿ ಮೂಗೂರಿನವಳು, ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದಾಳೆ. ಕೇಂದ್ರದ ವೆಬ್‌ಸೈಟು ಮಾಡಿಕೊಟ್ಟವಳು ಅವಳೇ.

ಕೇಂದ್ರಕ್ಕೆ ಟಿ. ನರಸೀಪುರದಲ್ಲಿ ಇನ್ನೊಂದು ಶಾಖೆ ಇದೆ. ಅಲ್ಲಿನ ಕಾರ್ಯದರ್ಶಿ ಮಲ್ಲಿಕಾರ್ಜುನ್, ಹನ್ನೆರಡು ವರ್ಷ ಪುಟ್ಟಬಸವಯ್ಯನವರ ಮೇಜಿನ ಪಕ್ಕದಲ್ಲೇ ಕೂತು ಪತ್ರ ಬರೆಯಲು ಕಲಿತವನು. ಅವನೂ ತನ್ನ ಶಾಖೆಗೊಂದು ಸೈಟು ಮಾಡಿಸಿದ್ದ. ಒಂದು ಕೇಂದ್ರಕ್ಕೆ ಎರಡು ಸೈಟು ಏಕೆಂದು ಸಮಿತಿಯಲ್ಲಿ ಪ್ರಶ್ನೆ ಎದ್ದಾಗ ಅಧ್ಯಕ್ಷ ಗುರುಮಲ್ಲಪ್ಪನವರು ತೀರ್ಮಾನ ಹೇಳಿದ್ದರು: ಬುಧವಾರ ಹನ್ನೊಂದೂಮುಕ್ಕಾಲಿಗೆ, ಅಂದರೆ ರಾಹುಕಾಲಕ್ಕೆ ಕಾಲು ಗಂಟೆ ಮೊದಲು, ತಮ್ಮ ಮನೆಯಲ್ಲಿ ಸಮಿತಿಯವರ ಎದುರಿಗೆ ಎರಡೂ ಸೈಟು ತೆರೆದು ನೋಡುವುದು. ಚೆನ್ನಾಗಿ ನಡೆಯುವ ಸೈಟಿನ ಶಾಖೆ ಉಳಿಯುತ್ತದೆ. ಇನ್ನೊಂದು ಶಾಖೆಯ ಬೀರು, ಒಳಗಿನ ಜಾತಕಗಳ ಸಮೇತ, ಗೂಡ್ಸ್ ಆಟೋ ಹತ್ತುತ್ತದೆ.

ಪುಟ್ಟಬಸವಯ್ಯನವರ ಬೀರುವಿನಲ್ಲಿ ಇಪ್ಪತ್ತೆರಡು ವರ್ಷಗಳ ಜಾತಕಗಳಿವೆ. ಅಂದು ಬುಧವಾರ. ಗೋಡೆಯ ಗಡಿಯಾರ ಹತ್ತೂಮುಕ್ಕಾಲು ತೋರಿಸುತ್ತಿತ್ತು.

ಶಿವರಂಜನಿ ಲ್ಯಾಪ್‌ಟಾಪ್ ತೆರೆದು, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದಳು. ಹೊರಗಿನವರಿಗೆ ಪಾಸ್‌ವರ್ಡ್ ಕೊಟ್ಟಿದ್ದೀರಾ, ಗೊತ್ತಿಲ್ಲದ ಲಿಂಕ್ ಒತ್ತಿದ್ದೀರಾ, ಏನನ್ನಾದರೂ ಅಳಿಸಿದ್ದೀರಾ. ಪುಟ್ಟಬಸವಯ್ಯನವರು ಪ್ರತಿಯೊಂದಕ್ಕೂ ಇಲ್ಲ ಎಂದು ಸಾಕ್ಷಿಕಟ್ಟೆಯಲ್ಲಿ ನಿಂತವರ ಹಾಗೆ ಉತ್ತರಿಸಿದರು.

ಶಿವರಂಜನಿ: ಹಂಗಾದ್ರೆ ನೀವು ಯಾವ ಫೈಲಿಗೂ ಕೈ ಹಾಕಿಲ್ಲ.

ಪುಟ್ಟಬಸವಯ್ಯ: ಹಾಕಿಲ್ಲ.

ಗುರುಬಸಮ್ಮ: ಸೋಮ್ವಾರ, ಮಂಗಳ್ವಾರ ಎರಡು ಮಧ್ಯಾನ ಕಂಪ್ಯೂಟ್ರು ಮುಂದೆ ಕೂತು ಏನ್ ಬರೀತಿದ್ರಿ ಮತ್ತೆ?

ಪುಟ್ಟಬಸವಯ್ಯ: ಅದು ಕೈ ಹಾಕೋದಲ್ಲ. ಸರಿಪಡಿಸೋದು.

ಶಿವರಂಜನಿಯ ಬೆರಳುಗಳು ಕೀಲಿಗಳ ಮೇಲೆ ನಿಂತವು. ಹೋದ ವಾರ, ಕೇಂದ್ರದ ಫೋನ್ ನಂಬರು ಒಂದು ಅಂಕಿ ತಪ್ಪಾಗಿದೆ ಎಂದು ಅವರು ಹೇಳಿದಾಗ, ಅದೊಂದನ್ನು ತಿದ್ದಿಕೊಳ್ಳಲಿ ಎಂದು ಫೈಲುಗಳಿರುವ ಜಾಗದ ಪಾಸ್‌ವರ್ಡನ್ನು ಅವಳೇ ಕೊಟ್ಟಿದ್ದಳು. ಈಗ ಅವಳು ಸರ್ವರ್ ತನ್ನ ದೂರುಗಳನ್ನು ಬರೆದಿಡುವ ಪಟ್ಟಿಯನ್ನು ತೆರೆದಳು. ಸರ್ವರ್ ಕೂಡ ದಿನಚರಿ ಬರೆಯುತ್ತದೆ ಎಂದು ತಿಳಿದು ಪುಟ್ಟಬಸವಯ್ಯನವರು ಕುರ್ಚಿ ಹತ್ತಿರ ಎಳೆದುಕೊಂಡರು.

ಶಿವರಂಜನಿ: ಸೆಟ್ಟಿಂಗ್ಸ್ ಫೈಲಲ್ಲಿ, ಮೊದಲನೇ ಸಾಲಿನ ಅಪ್ಪಣೆ ತನಗೆ ಗೊತ್ತಿಲ್ಲ ಅಂತ ಬರೆದಿದೆ. ತೆಗೀತೀನಿ ಇರಿ.

ಫೈಲು ತೆರೆಯಿತು. ಮೊದಲನೇ ಸಾಲಿನಲ್ಲಿ, ಸರಿಯಾಗಿ ನಡುಮಧ್ಯಕ್ಕೆ, ‘॥ ಶ್ರೀ ನಂಜುಂಡೇಶ್ವರ ಪ್ರಸನ್ನ ॥’ ಎಂದಿತ್ತು.

ಶಿವರಂಜನಿ: ಇದು ನೀವು ಬರೆದದ್ದಾ?

ಪುಟ್ಟಬಸವಯ್ಯ: ಇನ್ನ್ಯಾರು ಬರೀತಾರೆ? ಮೇಲಿಂದ ಕೆಳಗೆ ನೋಡ್ದೆ. ಶ್ರೀ ಇಲ್ಲ, ಶುಭ ಇಲ್ಲ, ಒಂದೇ ಸಲಕ್ಕೆ ವಿಷಯಕ್ಕೆ ನುಗ್ಗಿದ್ದೀಯ. ಮದುವೆ ಮಾಡಿಸೋ ಸೈಟು ಕಣವ್ವಾ. ನಿನ್ನೆ ಸಂಜೆ ಮಲ್ಲಿಕಾರ್ಜುನನಿಗೂ ಫೋನ್ ಮಾಡಿ ಇದನ್ನೇ ಕೇಳ್ದೆ, ನಿನ್ನ ಸೈಟಲ್ಲಿ ಒಂದು ಶ್ರೀಕಾರ ಆದ್ರೂ ಅದಾ ಅಂತ. ಉತ್ತರ ಕೊಡೋಕಾಗ್ಲಿಲ್ಲ ಅವನ ಕೈಲಿ.

ಶಿವರಂಜನಿ: ಸಾ, ಇದನ್ನ ಓದೋದು ಮನುಷ್ಯರಲ್ಲ, ಸರ್ವರ್ರು. ಒಂದೊಂದು ಸಾಲೂ ಅದಕ್ಕೆ ಅಪ್ಪಣೆ. ನೀವು ಬರೆದದ್ದನ್ನೂ ಅಪ್ಪಣೆ ಅಂದ್ಕೊಂಡು, ಏನು ಮಾಡ್ಬೇಕೋ ಗೊತ್ತಾಗ್ದೆ ನಿಂತ್ಬಿಟ್ಟಿದೆ.

ಪುಟ್ಟಬಸವಯ್ಯ: ಶ್ರೀ ಅಂದ್ರೆ ಏನು ಮಾಡ್ಬೇಕು ಅಂತ ಗೊತ್ತಿಲ್ವಾ ಅದಕ್ಕೆ? ಶುರು ಮಾಡ್ಬೇಕು.

ಶಿವರಂಜನಿ: ಅದು ಶುರುವೇ ಮಾಡ್ತಿಲ್ಲ.

ಪುಟ್ಟಬಸವಯ್ಯ: ನಲವತ್ತು ವರ್ಷದಲ್ಲಿ ಹದಿನೇಳು ಜನ ಸಬ್ ರಿಜಿಸ್ಟ್ರಾರ್‌ಗಳನ್ನ ನೋಡಿದ್ದೀನಿ. ಅದರಲ್ಲಿ ನಾಲ್ಕು ಜನ ಬೇರೆ ಭಾಷೆಯೋರು. ಒಬ್ರೂ ಶ್ರೀ ಅಂದ್ರೇನು ಅಂತ ಪತ್ರ ವಾಪಸ್ ಕಳಿಸಲಿಲ್ಲ.

ಅಳಿಸಿಬಿಡುತ್ತೇನೆ ಎಂದು ಶಿವರಂಜನಿ ಹೇಳಿದ್ದೇ ತಡ, ಅವರು ಕುರ್ಚಿಯಿಂದ ಎದ್ದು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟರು. ಬರೆಯದೆ ಇರುವುದು ಬೇರೆ, ಬರೆದು ಅಳಿಸುವುದು ಬೇರೆ ಎಂದು ವಾದಿಸಿದರು. ಬರೆಯದೆ ಬಿಟ್ಟರೆ ಮರೆವು. ಅಳಿಸಿದರೆ ಅದಕ್ಕೆ ಬೇರೆ ಹೆಸರಿದೆ. ಗಡಿಯಾರದಲ್ಲಿ ಹನ್ನೊಂದಾಗಿತ್ತು.

ಶಿವರಂಜನಿ: ಅಳಿಸಲ್ಲ ಬಿಡಿ. ಮುಂದೆ ಒಂದು ಗುರುತು ಹಾಕ್ತೀನಿ. ಎರಡು ಗೆರೆ ನೆಟ್ಟಗೆ, ಎರಡು ಗೆರೆ ಅಡ್ಡ. ಅದಿದ್ರೆ ಸರ್ವರ್ ಆ ಸಾಲನ್ನ ಓದಲ್ಲ. ಶ್ರೀ ಅಲ್ಲೇ ಇರ್ತದೆ.

ಪುಟ್ಟಬಸವಯ್ಯ: ಓದಲ್ವಾ? ದೇವರ ಹೆಸರಿಗೆ ಬೇಲಿ ಹಾಕಿ, ನೀನು ನೋಡ್ಬೇಡಪ್ಪಾ ಅಂತ ಸರ್ವರ್‌ಗೆ ಹೇಳೋದಾ?

ಗುರುಬಸಮ್ಮ ಕಾಫಿ ಲೋಟಗಳನ್ನು ತಂದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಪರದೆಯತ್ತ ಬಗ್ಗಿ ಆ ಗುರುತನ್ನು ನೋಡಿದರು.

ಗುರುಬಸಮ್ಮ: ಇದ್ಯಾವ ಬೇಲಿ? ರಂಗೋಲಿ ಕಣ್ರೀ ಇದು. ನಾಕೆಳೆದು.

ಪುಟ್ಟಬಸವಯ್ಯ: ರಂಗೋಲಿನಾ?

ಗುರುಬಸಮ್ಮ: ದಿನಾ ಹೊತ್ತಾರೆ ಬಾಗ್ಲಲ್ಲಿ ಬುಡ್ತೀನಲ್ಲ, ಬಂದೋರು ಅದರ ಮ್ಯಾಲೆ ಕಾಲಿಡ್ತಾರಾ? ಪಕ್ಕಕ್ಕೆ ಸರ್ಕಂಡು ಒಳೀಕೆ ಬತ್ತಾರೆ. ಅಂಗೇ ಇದೂವೆ ದಾಟ್ಕಂಡು ಓಯ್ತದೆ. ತುಳಿಯಾಕಿಲ್ಲ ಅನ್ನಿ.

ಪುಟ್ಟಬಸವಯ್ಯನವರು ಕಾಫಿ ಕುಡಿದು ಮುಗಿಸಿದರು. ಆಮೇಲೆ ಲೋಟ ಕೆಳಗಿಟ್ಟು, ಹಾಕು ಎಂದರು. ಶಿವರಂಜನಿ ಗುರುತು ಹಾಕಿ, ಸೈಟನ್ನು ಮತ್ತೆ ತೆರೆದಳು.

ಐನೂರು.

ಪುಟ್ಟಬಸವಯ್ಯ: ನೋಡ್ದಾ? ಸುಮ್ನೆ ಶ್ರೀ ಮೇಲೆ ತಪ್ಪು ಹೊರಿಸ್ದೆ.

ದೂರಿನ ಪಟ್ಟಿಯಲ್ಲಿ ಈಗ ಹೊಸ ಸಾಲು ಬಂದಿತ್ತು. ಮೊದಲನೇ ಪುಟದ ಫೈಲಿನಲ್ಲಿ, ಏಳನೇ ಸಾಲಿನಲ್ಲಿ, ಇರಬಾರದ್ದೇನೋ ಇದೆ. ಆ ಫೈಲಿನ ನೆತ್ತಿಯಲ್ಲೂ ಶ್ರೀಕಾರವಿತ್ತು. ಏಳನೇ ಸಾಲಿನಲ್ಲಿ, ಈ ಅಂಚಿನಿಂದ ಆ ಅಂಚಿನವರೆಗೆ, ಗೆರೆ ಮತ್ತು ಗುಣಾಕಾರದ ಚಿಹ್ನೆಗಳ ಸಾಲು ನಿಂತಿತ್ತು. ಹನ್ನೆರಡನೇ ಸಾಲಿನಲ್ಲಿ ಇನ್ನೊಂದು. ಇಪ್ಪತ್ತರಲ್ಲಿ ಮತ್ತೊಂದು. ಎಲ್ಲದರ ಕೆಳಗೆ, ಪತ್ರ ಬರೆದವನು ತನ್ನ ಹೆಸರು ಕಾಣಿಸುವ ರೀತಿಯಲ್ಲೇ, ‘ಬಿಕ್ಕಲಂ: ಪುಟ್ಟಬಸವಯ್ಯ, ನಂಜನಗೂಡು’ ಎಂದಿತ್ತು.

ಶಿವರಂಜನಿ: ಈ ಗೆರೆ ಯಾಕೆ ಎಳೆದ್ರಿ ಸಾ?

ಪುಟ್ಟಬಸವಯ್ಯ: ಖಾಲಿ ಜಾಗ ಬಿಟ್ಟಿದ್ದೆ ನೀನು. ಪತ್ರದಲ್ಲಿ ಖಾಲಿ ಸಾಲು ಬಿಡ್ತಾರಾ? ನಾಳೆ ಯಾವನೋ ಬಂದು ಅಲ್ಲಿ ಒಂದು ಸಾಲು ತೂರಿಸ್ತಾನೆ. ಎರಡು ಎಕರೆ ಇದ್ದದ್ದು ಮೂರು ಎಕರೆ ಆಗ್ತದೆ.

ಶಿವರಂಜನಿ: ಇಲ್ಲಿ ಎಕರೆ ಇಲ್ಲ.

ಪುಟ್ಟಬಸವಯ್ಯ: ವರನ ವಯಸ್ಸು ಅದೆ. ಮೂವತ್ತೊಂಬತ್ತು ಇದ್ದದ್ದು ಇಪ್ಪತ್ತೊಂಬತ್ತು ಆಗ್ತದೆ.

ಶಿವರಂಜನಿಯ ಐದು ವರ್ಷಗಳ ವ್ಯವಹಾರದಲ್ಲಿ, ಸೈಟಿಗೆ ಕಳ್ಳರು ನುಗ್ಗಬಹುದೆಂದು ತಾವಾಗಿಯೇ ಯೋಚಿಸಿದ ಮೊದಲ ಗಿರಾಕಿ ಇವರು. ಅವಳು ಬೇರೆ ದಾರಿ ಹುಡುಕಿದಳು. ಅವಳ ಅಂಗಡಿಯಲ್ಲಿದ್ದ ಸೈಟಿನ ಪ್ರತಿಗೆ ಆರು ತಿಂಗಳಾಗಿತ್ತು. ಆದರೆ ಯಾವ ಫೈಲು ತೆರೆಯುವ ಮುಂಚೆಯೂ ನಕಲು ತೆಗೆದಿಟ್ಟುಕೊಳ್ಳಿ ಎಂದು ಪಾಸ್‌ವರ್ಡ್ ಕೊಟ್ಟ ದಿನವೇ ಹೇಳಿದ್ದಳು.

ಶಿವರಂಜನಿ: ನಕಲು ತೆಗೆದಿದ್ದೀರಾ?

ಪುಟ್ಟಬಸವಯ್ಯ: ತೆಗೀದೆ ಇರ್ತೀನಾ?

ಅವರು ಬೀರು ತೆರೆದು ದಾರ ಕಟ್ಟಿದ ಕಾಗದದ ಕಟ್ಟೊಂದನ್ನು ತಂದರು. ಮೂವತ್ತು ಹಾಳೆ, ನೀಲಿ ಶಾಯಿ, ಮುತ್ತಿನಂಥ ಅಕ್ಷರ. ಬ್ರಾಕೆಟ್ಟುಗಳನ್ನೂ ಅರ್ಧವಿರಾಮಗಳನ್ನೂ ಬಿಡದೆ ಇಳಿಸಿದ್ದರು. ಪ್ರತಿ ಹಾಳೆಯ ಕೆಳಗೆ ‘ಅಸಲಿಗೆ ಸರಿಯಾದ ನಕಲು’ ಎಂದು ಬರೆದು ಸಹಿ ಹಾಕಿದ್ದರು.

ಪುಟ್ಟಬಸವಯ್ಯ: ಆರು ಫೈಲು ಆಗದೆ. ಇನ್ನು ನಲವತ್ತು ಬಾಕಿ.

ಶಿವರಂಜನಿ: ನಲವತ್ತಾರು ಫೈಲಿಗೂ ಬರೆದಿದ್ದೀರಾ?

ಪುಟ್ಟಬಸವಯ್ಯ: ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡೋದು ಧರ್ಮ ಅಲ್ಲ.

ಗುರುಬಸಮ್ಮ: ಹನ್ನೊಂದೂವರೆ ಆಯ್ತು. ಧರ್ಮ ಆಮ್ಯಾಕೆ ಯೋಳಿ.

ನಲವತ್ತಾರು ಫೈಲುಗಳನ್ನು ಒಂದೇ ಅಪ್ಪಣೆಯಲ್ಲಿ ಸರಿಪಡಿಸಬಹುದು ಎಂದು ಶಿವರಂಜನಿ ಹೇಳಿದಳು. ಎರಡು ಮಧ್ಯಾಹ್ನ ಕೂತು ಬರೆದದ್ದನ್ನು ಒಂದು ಗುಂಡಿ ಒತ್ತಿ ತೆಗೆಯುತ್ತಾರೆಂದು ಕೇಳಿ ಪುಟ್ಟಬಸವಯ್ಯನವರ ಮುಖ ಸಣ್ಣದಾಯಿತು. ಅವರು ಬೀರುವಿನ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. ಕೊನೆಗೆ ಷರತ್ತುಗಳನ್ನು ಮುಂದಿಟ್ಟರು. ಶ್ರೀಕಾರ ಉಳಿಯಬೇಕು, ರಂಗೋಲಿ ಸಮೇತ. ಬಿಕ್ಕಲಂ ಉಳಿಯಬೇಕು, ಅದಕ್ಕೂ ರಂಗೋಲಿ. ಗೆರೆಗಳನ್ನು ಬೇಕಾದರೆ ತೆಗೆಯಬಹುದು.

ಪುಟ್ಟಬಸವಯ್ಯ: ಆದ್ರೆ ತೆಗೆದೋರು ಸಹಿ ಹಾಕ್ಬೇಕು. ಚಿತ್ತು ಮಾಡ್ದೋರ ಸಹಿ ಇಲ್ದೆ ಯಾವ ಪತ್ರವೂ ನಿಲ್ಲಲ್ಲ.

ಶಿವರಂಜನಿ: ನಲವತ್ತಾರು ಕಡೆನಾ?

ಪುಟ್ಟಬಸವಯ್ಯ: ಒಂದೇ ಅಪ್ಪಣೇಲಿ ಆಗ್ತದೆ ಅಂದ್ಯಲ್ಲ.

ಶಿವರಂಜನಿ ಅಪ್ಪಣೆಯನ್ನು ಬರೆದಳು. ನಲವತ್ತಾರು ಫೈಲುಗಳಲ್ಲಿ ಗೆರೆಗಳು ಮಾಯವಾದವು, ಶ್ರೀಕಾರಗಳು ರಂಗೋಲಿಯ ಹಿಂದೆ ಸರಿದು ಕೂತವು, ಬಿಕ್ಕಲಂನ ಕೆಳಗೆ ಇನ್ನೊಂದು ರಂಗೋಲಿ ಹಾಕಿ ‘ಚಿತ್ತು ಮಾಡಿದವರು: ಶಿವರಂಜನಿ, ಮೂಗೂರು’ ಎಂಬ ಸಾಲು ಸೇರಿತು. ಹನ್ನೊಂದು ನಲವತ್ತೆರಡಕ್ಕೆ ಸೈಟು ತೆರೆಯಿತು. ಎಡಕ್ಕೆ ವಧುಗಳು, ಬಲಕ್ಕೆ ವರರು, ನಡುವೆ ಕೇಂದ್ರದ ಸರಿಯಾದ ಫೋನ್ ನಂಬರು.

ಪುಟ್ಟಬಸವಯ್ಯ: ಬಂತು ನೋಡು ಸರದಿ. ಕಾದ್ರೆ ಬರ್ತದೆ ಅಂತ ಬೆಳಗ್ಗಿಂದ ಹೇಳ್ತಾನೇ ಇದ್ದೀನಿ.

ಶಿವರಂಜನಿ ಲ್ಯಾಪ್‌ಟಾಪನ್ನು ಮಡಚಿ, ಆರಿದ ಕಾಫಿಯನ್ನು ಕುಡಿದಳು. ಐದು ನಿಮಿಷದ ಬಳಿಕ ಗುರುಮಲ್ಲಪ್ಪನವರ ಫೋನು ಬಂತು. ನಂಜನಗೂಡಿನ ಸೈಟು ಚೆನ್ನಾಗಿ ತೆರೆದುಕೊಂಡಿತು, ಸಮಿತಿಯವರು ಇಬ್ಬರು ವರರನ್ನು ನೋಡಿಯೂ ಆಯಿತು ಎಂದರು. ನರಸೀಪುರದ್ದು ಮಾತ್ರ ಏನೋ ಅಂಕಿ ತೋರಿಸಿ ನಿಂತಿದೆ. ಹನ್ನೆರಡರವರೆಗೆ ಕಾಯುವುದು, ಅಷ್ಟರಲ್ಲಿ ಆಗದಿದ್ದರೆ ಆಟೋ ಆ ಕಡೆಯಿಂದ ಈ ಕಡೆಗೆ ಬರುತ್ತದೆ.

ಅವರು ಫೋನ್ ಇಟ್ಟ ಕೂಡಲೇ ಇನ್ನೊಂದು ಕರೆ ಬಂತು. ಪುಟ್ಟಬಸವಯ್ಯನವರು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಮಲ್ಲಿಕಾರ್ಜುನ್ (ಫೋನಿನಲ್ಲಿ): ಗುರುಗಳೇ, ನೀವು ಹೇಳಿದ್ದು ಮನಸಿಗೆ ನಾಟ್ತು. ನಿನ್ನೆ ಸಂಜೇನೇ ಕೂತು ಎಲ್ಲಾ ಫೈಲಿಗೂ ಶ್ರೀಕಾರ ಹಾಕ್ದೆ. ನೀವು ಕಲಿಸಿದಂಗೆ ಖಾಲಿ ಜಾಗಕ್ಕೆಲ್ಲ ಗೆರೆನೂ ಎಳೆದೆ, ಬಿಕ್ಕಲಂ ಬರೆದೆ. ಈಗ ನೋಡಿದ್ರೆ ಐನೂರು ಅಂತ ಬತ್ತಾ ಅದೆ. ನಿಮ್ಮದಕ್ಕೂ ಹಿಂಗೇ ಬಂದಿತ್ತಾ?

ಶಿವರಂಜನಿ ಎರಡು ಕೈಗಳ ಎರಡೆರಡು ಬೆರಳನ್ನು ಅಡ್ಡಡ್ಡ ಇಟ್ಟು, ರಂಗೋಲಿಯ ಗುರುತು ತೋರಿಸಿದಳು. ಹೇಳಿ ಪಾಪ ಎಂದು ಗುರುಬಸಮ್ಮ ಕಣ್ಣಲ್ಲೇ ಸನ್ನೆ ಮಾಡಿದರು. ಪುಟ್ಟಬಸವಯ್ಯನವರು ಬೀರುವಿನ ಕಡೆ ಒಮ್ಮೆ ನೋಡಿದರು. ಆಮೇಲೆ ಗಡಿಯಾರದ ಕಡೆ. ಹನ್ನೊಂದು ಐವತ್ತೊಂದು.

ಪುಟ್ಟಬಸವಯ್ಯ: ಐನೂರಾ? ಗಾಬರಿ ಆಗ್ಬೇಡ ಕಣಪ್ಪ, ಅದು ಟೋಕನ್ ನಂಬರು. ಜಾಗ ಬಿಟ್ಟು ಏಳ್ಬೇಡ, ಸರದಿ ತಪ್ಪೋಗ್ತದೆ.